ಚಿಲ್ಲರೆ ಜಗಳ ಮತ್ತು 14416

ಮಾನ್ಯರೇ,

ನಾನು ಖಾಸಗಿ ಬಸ್ ಕಂಡಕ್ಟರ್. ಹೋದ ತಿಂಗಳು ಐದು ರೂಪಾಯಿ ಚಿಲ್ಲರೆಗಾಗಿ ಅಜ್ಜಿಯೊಬ್ಬರ ಮೇಲೆ ಕೂಗಾಡಿದೆ. ಅವರು ಸುಮ್ನೆ ಸೆರಗಿನ ಗಂಟು ಬಿಚ್ಚಿ ನಾಣ್ಯ ಎಣಿಸಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಎರಡು ತಿಂಗಳಿಂದ ಬಂದೇ ಇರಲಿಲ್ಲ.

ನಮ್ಮ ಡ್ರೈವರ್ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟರು. 'ನನಗೇನು ಹುಚ್ಚಾ?' ಎಂದು ರೇಗಿದೆ. ಆಮೇಲೆ ಸ್ಟ್ಯಾಂಡಿನ ಹಿಂದೆ ನಿಂತು ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಕರೆಗೆ ದುಡ್ಡಿಲ್ಲ. ಟ್ರಿಪ್ಪಿನ ನಡುವೆ ನಿಧಾನ ಉಸಿರಾಡಿ, ಸಂಜೆ ಮೇಲೆ ಟೀ ಬಿಡಿ, ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರಿಗೂ ತೋರಿಸಿ ಎಂದರು. ತೋರಿಸಿದೆ. ಟೀ ಬಿಡುವುದೇ ಜಾಸ್ತಿ ಕಷ್ಟ.

2022ರಿಂದ ಇರುವ ಈ ನಂಬರ್ ಬಸ್ಸಿನೊಳಗೆ ಕಾಣುವುದಿಲ್ಲ. ಮೂಲವ್ಯಾಧಿ ಜಾಹೀರಾತಂತೂ ಸೀಟಿಗೊಂದು. ಪಕ್ಕದಲ್ಲಿ ಇದನ್ನೂ ಅಂಟಿಸಬಹುದಲ್ವಾ?

– ಒಬ್ಬ ಕಂಡಕ್ಟರ್, ತುಮಕೂರು