ಆಸ್ಪತ್ರೆಯಲ್ಲಿ ಬೈಸ್ಟ್ಯಾಂಡರ್ ಆಗಿ ರೋಗಿಯ ಜೊತೆ ಕೂತ ಭಾವನಿಗೆ, ಮತ್ತೆ ಉಳಿದವರಿಗೆ

ಅಣ್ಣ ಕುಡಿತ ಬಿಟ್ಟು ಈ ವಾರಕ್ಕೆ ಒಂದು ವರ್ಷ. ಏನಾಯಿತು, ಹೇಗಾಯಿತು ಎಂಬುದು ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದವರೆಗೆ ಎಲ್ಲರಿಗೂ ಗೊತ್ತಿದೆ, ಮತ್ತೆ ಬರೆಯುವುದಿಲ್ಲ. ಅವನಿಗೆ ಓದಿ ಹೇಳಿ, ಅವನು ಹೂಂ ಎಂದ ಮೇಲೆಯೇ ಇದನ್ನು ಹಾಕುತ್ತಿದ್ದೇವೆ.

ಕುಡಿತ ಬಿಡಿಸುವ ನೀಲೇಶ್ವರದ ವಿಮುಕ್ತಿ ಕೇಂದ್ರದವರು, ತೋಟಕ್ಕೆ ಮದ್ದು ಬಿಡಿಸಿದ ಮಾವ, ಅಡಕೆಯ ಹಣವನ್ನು ಅಣ್ಣನ ಕೈಗೆ ಕೊಡದೆ ಅವನ ಒಪ್ಪಿಗೆಯಿಂದಲೇ ಅತ್ತಿಗೆಯ ಖಾತೆಗೆ ಹಾಕಿದವರು, ಮಲಯಾಳದಲ್ಲಿ ಹೇಳಿದ್ದನ್ನೆಲ್ಲ ಅಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದ ಆಶಾ ಕಾರ್ಯಕರ್ತೆ, ನಡುರಾತ್ರಿ ಜೀಪು ತಂದ ಹುಡುಗ, ಎಲ್ಲರಿಗೂ ಕೈಮುಗಿಯುತ್ತೇವೆ.

ನೆರೆಮನೆಯ ಭಾವನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ನರ್ಸಿಂಗ್ ಕೆಲಸದಿಂದ ನಿವೃತ್ತರಾದ ಅವರು ಜೀಪು ಹತ್ತುವ ಮೊದಲು ಕೇಳಿದ್ದು ಒಂದೇ: ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ? ಕುಡಿತ ಥಟ್ಟನೆ ನಿಂತಾಗ ಮೈಗೆ ಬರುವ ತೊಂದರೆಗಳ ಲೆಕ್ಕವೆಲ್ಲ ಅಲ್ಲಿಂದಲೇ. 6 ಗಂಟೆಯ ಹೊತ್ತಿಗೆ ಕೈನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರುವ ಭಯ. ಬುದ್ಧಿ ಕದಡುವುದು ಹೆಚ್ಚಾಗಿ ಅದರ ನಂತರ, ಅಂದರೆ 'ಇನ್ನು ಪರವಾಗಿಲ್ಲ' ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ. ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗುತ್ತಾನೆ ಎಂಬುದನ್ನೂ ಚೀಟಿಯಲ್ಲಿ ಬರೆದು ಡ್ಯೂಟಿ ಡಾಕ್ಟರಿಗೆ ಕೊಟ್ಟರು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊಟ್ಟಾಗಿದೆಯಾ ಎಂದು ಮೆಲ್ಲಗೆ ವಿಚಾರಿಸಿದ್ದೂ ಅವರೇ. ವರ್ಷಗಟ್ಟಲೆ ಕುಡಿದ ಮೈಯಲ್ಲಿ ಆ ಬಿ1 ಬರಿದಾಗಿರುತ್ತದೆ. ಉಳಿದ ಚೂರನ್ನೂ ಗ್ಲೂಕೋಸ್ ತಿಂದುಬಿಟ್ಟರೆ ಪೆಟ್ಟು ಬೀಳುವುದು ಮೆದುಳಿಗೆ.

ಮೂರನೆಯ ರಾತ್ರಿ ಅಣ್ಣ ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ನೆಲಕ್ಕೆ ಹಾಕುತ್ತಿದ್ದ. ಭಾವ ಇರುವೆ ಇದೆ ಎನ್ನಲಿಲ್ಲ, ಇಲ್ಲವೆಂದು ವಾದಕ್ಕೂ ಇಳಿಯಲಿಲ್ಲ. ನರ್ಸನ್ನು ಕರೆದು ತೋರಿಸಿದರು. ಲೈಟು ಆರಿಸಲು ಬಿಡಲಿಲ್ಲ, ನೆರಳು ಕಂಡರೆ ಹೆದರಿಕೆ ಹೆಚ್ಚು. ಹಣ್ಣು ಕೊಯ್ಯುವ ಚೂರಿ, ಸ್ಟೀಲ್ ಲೋಟ ಎರಡನ್ನೂ ಚೀಲಕ್ಕೆ ಹಾಕಿದರು. ನೋಡಲು ಬಂದವರನ್ನು ವರಾಂಡಕ್ಕೆ ಕಳಿಸಿ, 'ಇದು ಆಸ್ಪತ್ರೆ, ಈಗ ರಾತ್ರಿ ಎರಡು ಗಂಟೆ, ನಾನು ಭಾವ' ಎಂದು ಒಂದೇ ಸ್ವರದಲ್ಲಿ ಹೇಳುತ್ತಾ ಕೂತರು. ಫಿಟ್ಸ್ ಬಂದರೆ ಕೈಗೆ ಬೀಗದ ಕೈ, ಬಾಯಿಗೆ ಚಮಚ ಯಾವುದೂ ಬೇಡ, ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಿ, ತಕ್ಷಣ ಕೂಗಿ ಕರೆಯಿರಿ ಎಂದು ನಮಗೆ ಮೊದಲೇ ಹೇಳಿದ್ದರು.

ಆಗ ಅಮ್ಮ ಕೇಳಿದರು, 'ಒಂದು ಗುಟುಕು ಕೊಟ್ಟರೆ ಇದು ನಿಲ್ಲುತ್ತದಲ್ಲ?'

'ನಿಲ್ಲಬಹುದು ಅತ್ತೆ. ಮತ್ತೊಂದು ದಿನ ಪುನಃ ಇಲ್ಲಿಂದಲೇ ಸುರು.'

ಆ ಮಾತಿನ ನಂತರ ಅಮ್ಮ ಸೆರಗು ಕಚ್ಚಿ ಅತ್ತದ್ದನ್ನು ಹೇಗೆ ಬರೆಯುವುದೋ ತಿಳಿಯದು.

ಮನೆಗೆ ಬಂದ ಮೇಲೆ ಡೈಸಲ್ಫಿರಾಂ ಮಾತ್ರೆಯ ಮಾತು ಬಂತು, ಅದನ್ನು ನುಂಗಿದವನು ಕುಡಿದರೆ ಮೈ ಕೆಡುತ್ತದೆ. ಗುಟ್ಟಾಗಿ ಸಾರಿಗೆ ಬೆರೆಸಿ ಎಂದು ಸಲಹೆ ಕೊಟ್ಟವರೂ ಇದ್ದರು. ಭಾವ ಸಿಟ್ಟಾದದ್ದನ್ನು ಅವತ್ತೇ ನೋಡಿದ್ದು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಬಿ.ಪಿ. ಕುಸಿದು ಜೀವವೇ ಹೋಗಬಹುದು. ಲಿವರ್ ಪರೀಕ್ಷೆಯಾಗಿ, ಡಾಕ್ಟರು ಬರೆದು, ನುಂಗುವವನು ಒಪ್ಪಿದರೆ ಮಾತ್ರ. ಮಾತ್ರೆ ಬಿಟ್ಟರೂ 14 ದಿನದವರೆಗೆ ಅದರ ಗುಣ ಮೈಯಲ್ಲಿ ಉಳಿಯಬಹುದು. ನಮ್ಮ ಕಡೆಯ ಮನೆಗಳಲ್ಲಿ ಯಾರೂ ಯೋಚಿಸದ ಅಪಾಯ ಮದ್ದಿನ ಕಪಾಟಿನಲ್ಲಿರುತ್ತದೆ: ದಶಮೂಲಾರಿಷ್ಟ, ಅಭಯಾರಿಷ್ಟ. ಅರಿಷ್ಟಗಳಲ್ಲಿ ಹುಳಿಬರುವಾಗ ಹುಟ್ಟಿದ ಮದ್ಯಸಾರವಿದೆ. ಭಾವ ಅವನ್ನೂ ಕೆಲವು ಕೆಮ್ಮಿನ ಸಿರಪ್‌ಗಳನ್ನೂ ಎತ್ತಿಕೊಂಡು ಹೋದರು.

ಕೇರಳದಲ್ಲಿ ತಿಂಗಳ 1ನೇ ತಾರೀಕು ಡ್ರೈ ಡೇ, ಮದ್ಯದಂಗಡಿಗೆ ರಜೆ. ಗಡಿಯಾಚೆ ಕರ್ನಾಟಕದಲ್ಲಿ ಅಂಗಡಿ ತೆರೆದಿರುವಾಗ ನಮ್ಮಂಥವರಿಗೆ ಅದರಿಂದ ಏನು ಸಿಕ್ಕೀತು! ಆ ಸಂಜೆಗಳಲ್ಲಿ ಭಾವ ತಪ್ಪದೆ ಬಂದು ಅಣ್ಣನ ಜೊತೆ ಅಡಕೆ ಸುಲಿಯಲು ಕೂತದ್ದಕ್ಕೆ ಯಾವ ಬೆಲೆ ಕಟ್ಟೋಣ?

ಇಂಥ ರಾತ್ರಿ ನಿಮ್ಮ ಮನೆಗೂ ಬಂದರೆ ಮೊದಲು ಆಸ್ಪತ್ರೆ. ಮಾತಾಡಲು ಜನ ಬೇಕಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಸಿಗುತ್ತದೆ. ಮತ್ತೊಂದು ಕೋರಿಕೆ, ಅಣ್ಣನನ್ನು ಮದುವೆ, ಪೂಜೆಗಳಿಗೆ ಮೊದಲಿನಂತೆ ಕರೆಯಿರಿ. ಊಟವಾದ ಕೂಡಲೇ ಹೊರಟರೆ ಮಾತ್ರ ಯಾಕೆಂದು ಕೇಳಬೇಡಿ.