ನೀರು ಸಿಕ್ಕಿತು ಅಂದರೆ ಸಾಲದು, ಎಲ್ಲಿಂದ ಬಂತು ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಚಂದ್ರನ ಮಣ್ಣಿನಲ್ಲಿ ನೀರಿದೆ ಎಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ರಿಪ್ಪನ್‌ಪೇಟೆಯ ಹೋಟೆಲಿನಲ್ಲಿ ಅದನ್ನು ಓದಿದ ಹಿರಿಯರೊಬ್ಬರು ಕೇಳಿದರು: "ಅಲ್ಲಿ ಗಾಳಿನೇ ಇಲ್ಲ. ಮೋಡ ಇಲ್ಲ, ಮಳೆ ಇಲ್ಲ. ನೀರು ಎಲ್ಲಿಂದ ಬರ್ಬೇಕು?" ಸುದ್ದಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ನಾನು 31 ವರ್ಷದಿಂದ ಬಾವಿ ತೋಡುವವನು. ಜಾಗದ ಯಜಮಾನರು ಕೇಳುವುದು ನೀರು ಸಿಗುತ್ತಾ ಅಂತ. ಸಿಕ್ಕ ಮೇಲೆ ನಾವು ಕೆಲಸದವರು ನೋಡುವುದು ಅದು ಯಾವ ಕಡೆಯಿಂದ ಬರ್ತಿದೆ ಅಂತ. ಮೇಲಿನ ಗದ್ದೆಯ ಬಸಿನೀರಾದರೆ ಶಿವರಾತ್ರಿ ಹೊತ್ತಿಗೆ ಹೋಗುತ್ತದೆ. ಕಲ್ಲಿನ ಸೀಳಿನ ಒರತೆಯಾದರೆ ಮೇ ತಿಂಗಳಲ್ಲೂ ಕೊಡಪಾನ ಮುಳುಗುತ್ತದೆ. ಎರಡನ್ನೂ ಒಂದೇ ಅಂತ ನಂಬಿ ತೋಟ ಹಾಕಿದವರ ಅಡಿಕೆ ಸಸಿ ಒಣಗಿದ್ದನ್ನು ನಾನೇ ಕಂಡಿದ್ದೇನೆ. ಹಾಗಾಗಿ ಆ ಹಿರಿಯರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಿವಮೊಗ್ಗದಲ್ಲಿ ಬಿಎಸ್‌ಸಿ ಓದುವ ಮಗಳನ್ನು ಕೂರಿಸಿಕೊಂಡು, ಕೇಳಿ ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ನೀರು ಅಂದ ತಕ್ಷಣ ನಮ್ಮ ಕಣ್ಣಿಗೆ ಹಳ್ಳ, ಕೆರೆ ಬರುತ್ತದೆ ಅಲ್ವಾ? ಅಲ್ಲಿಯದು ಹಾಗಲ್ಲ. ಹೋದ ವರ್ಷ ಹುಂಚದ ಕಡೆ ಒಂದು ಬಾವಿಯಲ್ಲಿ 34 ಅಡಿಗೆ ಕಾಗೆಬಂಗಾರ ಬಂತು. ಉಗುರಿನಲ್ಲಿ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಏಳುವ ಕಲ್ಲು. ಒಂದು ಚೂರು ಮನೆಗೆ ತಂದೆ. ಮಗಳು ಕೈಗೆ ತಗೊಂಡು, "ಅಪ್ಪ, ಇದರ ತೂಕದಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ನೀರೇ" ಅಂದಳು. ಎರಡು ದಿನ ಬಿಸಿಲಿಗಿಟ್ಟೆ. ಅಂಗೈಯಲ್ಲಿ ಉಜ್ಜಿದೆ. ಮಿನುಗುವ ಪುಡಿ ಅಂಟಿತೇ ಹೊರತು ಎಳ್ಳಷ್ಟೂ ತೇವ ಇಲ್ಲ. ಜಲಜನಕ, ಆಮ್ಲಜನಕ ಎರಡೂ ಜೋಡಿಯಾಗಿ ಕಲ್ಲಿನ ಮೈಗೇ ಸೇರಿಕೊಂಡಿರುತ್ತವಂತೆ. ಕೆಂಡದಂತೆ ಕಾಯಿಸಿದರೆ ಮಾತ್ರ ಆವಿಯಾಗಿ ಹೊರಗೆ ಬರುತ್ತವೆ.

ನಮ್ಮ ಚಂದ್ರಯಾನ-1ರಲ್ಲಿ ನಾಸಾದ ಒಂದು ಉಪಕರಣ ಇತ್ತು. ಅದು ಕಂಡದ್ದೂ ಹೆಚ್ಚಾಗಿ ಇಂಥದ್ದೇ ಜೋಡಿಯನ್ನು. ಚಂದ್ರನಿಂದ ವಾಪಸ್ ಬರುವ ಬಿಸಿಲಿನಲ್ಲಿ, ಕಣ್ಣಿಗೆ ಕಾಣದ ಒಂದು ಭಾಗ ಕಡಿಮೆ ಬರುತ್ತಿತ್ತು. ಅದನ್ನು ಹೀರುತ್ತಿದ್ದದ್ದು ಈ ಜೋಡಿ. 2009ರ ಸೆಪ್ಟೆಂಬರ್‌ನಲ್ಲಿ ಇದು ಜಗತ್ತಿಗೆಲ್ಲ ಗೊತ್ತಾಯಿತು.

ಈಗ ಹೋಟೆಲಿನ ಪ್ರಶ್ನೆಗೆ ಬರುತ್ತೇನೆ. ಗಾಳಿ ಇಲ್ಲ, ಮತ್ತೆ ನೀರು ಹೇಗೆ? ಗಾಳಿ ಇಲ್ಲದ್ದರಿಂದಲೇ ಅಲ್ಲಿ ನೀರು ಹುಟ್ಟುತ್ತದೆ! ಇದನ್ನು ಕೇಳಿ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಸೂರ್ಯನಿಂದ ಜಲಜನಕದ ಕಣಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಸದಾ ಹಾರಿ ಬರುತ್ತಿರುತ್ತವೆ. ಭೂಮಿಯ ಕಾಂತಶಕ್ತಿ ಅವನ್ನು ಆಚೆಗೇ ತಿರುಗಿಸುತ್ತದೆ. ನುಸುಳಿ ಬಂದದ್ದಕ್ಕೆ ಗಾಳಿ ಅಡ್ಡ. ಚಂದ್ರನಿಗೆ ಅಂಥ ಸೂರು ಇಲ್ಲ. ಕಣಗಳು ನೇರ ಕಲ್ಲಿಗೇ ನಾಟುತ್ತವೆ. ಕಲ್ಲಿನ ತೂಕದಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಆಮ್ಲಜನಕ. ಎರಡೂ ಅಲ್ಲೇ ಕೂಡಿಕೊಳ್ಳುತ್ತವೆ. ಮೇಲಿಂದ ಬೀಳುವ ಸಣ್ಣ ಸಣ್ಣ ಉಲ್ಕೆಗಳ ಬಿಸಿಗೆ ಕೆಲವು ಪೂರ್ತಿ ನೀರೂ ಆಗುತ್ತವೆ. ಜಲಜನಕ ಅನ್ನುವ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈಗ.

ಇದು ಬರೀ ಊಹೆಯಲ್ಲ. ಇಟೊಕಾವಾ ಎಂಬ ಅರ್ಧ ಕಿಲೋಮೀಟರ್ ಉದ್ದದ ಆಕಾಶದ ಬಂಡೆ ಸೂರ್ಯನನ್ನು ಸುತ್ತುತ್ತಿದೆ. ಜಪಾನಿನ ಹಯಬುಸಾ ನೌಕೆ 2010ರಲ್ಲಿ ಅದರ ದೂಳನ್ನು ಭೂಮಿಗೆ ತಂದಿತು. ಕಣ್ಣಿಗೂ ಸರಿಯಾಗಿ ಕಾಣದ ಕಾಳು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಕಾಳಿನ ಹೊರಗಿನ ತೆಳು ಸಿಪ್ಪೆಯಲ್ಲಿ ನೀರು ಕಂಡಿತು. ಒಳಗಿನ ತಿರುಳಿನಲ್ಲಲ್ಲ, ಬಿಸಿಲು ತಾಗುವ ಸಿಪ್ಪೆಯಲ್ಲಿ. ನೀರು ಯಾವ ಕಡೆಯಿಂದ ಬಂತು ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಕಾ?

ಹಾಗಂತ ಮೂಲ ಇದೊಂದೇ ಅಲ್ಲ. ಬೆನ್ನು ಎಂಬ ಇನ್ನೊಂದು ಆಕಾಶದ ಬಂಡೆಯಿಂದ 2023ರಲ್ಲಿ ನಾಸಾ ತಂದ 121.6 ಗ್ರಾಂ ಚೂರುಗಳಲ್ಲಿ ಜೇಡಿಮಣ್ಣಿನ ಜಾತಿಯ ಖನಿಜ ಬೇಕಾದಷ್ಟಿದೆ. ನಮ್ಮಲ್ಲಿ ಜಂಬಿಟ್ಟಿಗೆಯ ಕೆಳಗೆ ಸಿಗುವ ಶೇಡಿಮಣ್ಣಿನಂತೆ ಅದೂ ಕಲ್ಲನ್ನು ನೀರು ನೆನೆಸಿ ನೆನೆಸಿ ಆದದ್ದು. ಅಂಥ ಬಂಡೆಗಳು, ಧೂಮಕೇತುಗಳು ಬಿದ್ದು ಚಂದ್ರನಿಗೂ ನೀರು ಹೋಗಿದೆ. ಚಂದ್ರನ ಹೊಟ್ಟೆಯೊಳಗೂ ಸ್ವಲ್ಪ ಇತ್ತು. ಅಪೊಲೊ ಯಾತ್ರೆಗಳು ತಂದ 382 ಕಿಲೋ ಕಲ್ಲುಮಣ್ಣು ಪೂರ್ತಿ ಒಣ ಅಂತ ಎಷ್ಟೋ ವರ್ಷ ನಂಬಿದ್ದರು. ಅದರಲ್ಲಿದ್ದ ಜ್ವಾಲಾಮುಖಿಯ ಗಾಜಿನ ಮಣಿಗಳಲ್ಲಿ ನೀರು ಕಂಡದ್ದು 2008ರಲ್ಲಿ.

ಎಲ್ಲಿಂದ ಬಂದ ನೀರೇ ಆಗಲಿ, ಬಿಸಿಲಿಗೆ ಬಿಡಿಯಾದರೆ ಹಾರಿಹೋಗುತ್ತದೆ. ಆದರೆ ಚಂದ್ರನ ಧ್ರುವಗಳಲ್ಲಿ ಕೋಟಿಗಟ್ಟಲೆ ವರ್ಷದಿಂದ ಬಿಸಿಲೇ ಕಾಣದ ಗುಂಡಿಗಳಿವೆ. ಮೈನಸ್ 200 ಡಿಗ್ರಿಗಿಂತ ಕೆಳಗಿನ ಚಳಿ. ಅಲೆದು ಅಲ್ಲಿಗೆ ಬಂದ ನೀರು ಮತ್ತೆ ಏಳುವುದಿಲ್ಲ. 2009ರ ಅಕ್ಟೋಬರ್‌ನಲ್ಲಿ ಕಬೇಯಸ್ ಎಂಬ ಗುಂಡಿಗೆ ನಾಸಾ ಒಂದು ಖಾಲಿ ರಾಕೆಟ್ ಬೀಳಿಸಿತು. ಎದ್ದ ಮಣ್ಣಿನಲ್ಲಿ ನೂರು ಕಿಲೋಗೆ ಐದಾರು ಕಿಲೋ ನೀರಿತ್ತು. ಕ್ಲೇವಿಯಸ್ ಎಂಬ ಬಿಸಿಲು ಬೀಳುವ ಜಾಗದ ಲೆಕ್ಕ ಬೇರೆ. ಅಲ್ಲಿ ಒಂದು ಮೀಟರ್ ಉದ್ದ, ಅಗಲ, ಆಳದ ಮಣ್ಣಿಗೆ ಒಂದೂವರೆ ಲೋಟದಷ್ಟು. ಎರಡಕ್ಕೂ "ಚಂದ್ರನಲ್ಲಿ ನೀರು" ಎಂಬ ಒಂದೇ ತಲೆಬರಹ ಹಾಕಿದರೆ ಓದುವವರಿಗೆ ಏನು ತಿಳಿಯಬೇಕು? ಇದೇ ನನ್ನ ತಕರಾರು.

ಇಸ್ರೋ ಮತ್ತು ಜಪಾನ್ ಸೇರಿ ಚಂದ್ರನ ದಕ್ಷಿಣ ಧ್ರುವದ ಕಡೆಗೆ ಒಂದು ರೋವರ್ ಕಳಿಸುವ ತಯಾರಿಯಲ್ಲಿವೆ. ಅದು ಒಂದೂವರೆ ಮೀಟರ್ ಆಳಕ್ಕೆ ಕೊರೆಯುತ್ತದಂತೆ. ನಮ್ಮ ಲೆಕ್ಕದಲ್ಲಿ ಐದು ಅಡಿ. ಪ್ರತಿ ಬಾವಿಗೂ ನಾನೊಂದು ನೋಟ್‌ಬುಕ್ ಇಡುತ್ತೇನೆ. ಎಷ್ಟು ಅಡಿಗೆ ಕೆಂಪು ಮಣ್ಣು ಮುಗಿಯಿತು, ಎಲ್ಲಿ ಶೇಡಿ ಬಂತು, ಯಾವ ಮಗ್ಗುಲಲ್ಲಿ ಮೊದಲು ಒಸರಿತು, ಎಲ್ಲ ಬರೆದಿರುತ್ತದೆ. ಆ ರೋವರ್ ಇಳಿದಾಗ ನಿಮ್ಮ ಪತ್ರಿಕೆಯಲ್ಲೂ ಹಾಗೇ ಬರೆಯಿರಿ. ಮೊದಲ ಅಡಿಗೆ ಏನು ಬಂತು, ಐದನೇ ಅಡಿಗೆ ಏನು ಬಂತು, ಆ ನೀರು ಸೂರ್ಯನ ಕಡೆಯದೋ, ಬಿದ್ದ ಕಲ್ಲಿನದೋ, ಒಳಗಿನದೋ. ಅರ್ಧ ಪುಟ ಆದರೂ ಪರವಾಗಿಲ್ಲ. ಹೋಟೆಲಿನಲ್ಲಿ ನಾನೇ ಜೋರಾಗಿ ಓದಿ ಹೇಳುತ್ತೇನೆ.

— ಬಾವಿ ಕೆಲಸದವ, ರಿಪ್ಪನ್‌ಪೇಟೆ, ಹೊಸನಗರ ತಾಲ್ಲೂಕು