ಕ್ಷಯದ ಮಾತ್ರೆ ಕೊಡುವಾಗ ಒಣಮೀನಿನ ಮಾತನ್ನೂ ಹೇಳಿ

ಸಂಪಾದಕರಿಗೆ ನಮಸ್ಕಾರ.

ಕ್ಷಯರೋಗಿಗಳು ಏನೇನು ತಿನ್ನಬೇಕು ಅಂತ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಮೊಟ್ಟೆ, ಬೇಳೆ, ಹಾಲು, ಶೇಂಗಾ, ಮೀನು. ಎಲ್ಲ ಸರಿ. ಆದರೆ ಕೆಲವು ಮಾತ್ರೆ ನುಂಗುವವರು ಏನನ್ನು ದೂರ ಇಡಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಿಮ್ಮ ಮೇಲೆ ದೂರು ಹೇಳುತ್ತಿಲ್ಲ, ಮಾತ್ರೆ ಕೊಡುವ ಕಡೆಯೂ ಇದನ್ನು ಹೇಳುವವರು ಕಡಿಮೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸಬೇಡಿ.

ವಿಷಯ ಟೈರಮೈನ್‌ದು. ಮೀನು, ಮಾಂಸ, ಹಾಲು, ಸೋಯಾ, ಹೀಗೆ ಪ್ರೋಟೀನ್ ಇರುವ ಯಾವುದೇ ಪದಾರ್ಥ ಬಹಳ ದಿನ ಇದ್ದರೆ, ಹುದುಗಿದರೆ ಅಥವಾ ಕೆಡಲು ಶುರುವಾದರೆ ಅದರಲ್ಲಿರುವ ಟೈರೋಸಿನ್ ಅನ್ನುವ ಅಂಶವನ್ನು ಬ್ಯಾಕ್ಟೀರಿಯಾಗಳು ಟೈರಮೈನ್ ಮಾಡಿಬಿಡುತ್ತವೆ. ನಾವೆಲ್ಲ ದಿನಾ ಒಂದಿಷ್ಟು ತಿನ್ನುತ್ತಲೇ ಇರುತ್ತೇವೆ, ಏನೂ ಆಗುವುದಿಲ್ಲ. ಯಾಕಂದ್ರೆ ಕರುಳಿನಲ್ಲಿ, ಯಕೃತ್ತಿನಲ್ಲಿ ಮಾನೋಅಮೈನ್ ಆಕ್ಸಿಡೇಸ್ ಅನ್ನುವ ಒಂದು ಕಿಣ್ವ ಇದೆ, ಅದು ಟೈರಮೈನ್ ಅನ್ನು ಅಲ್ಲೇ ಒಡೆದು ಹಾಕುತ್ತದೆ. ಕೆಲವು ಔಷಧಿಗಳು ಈ ಕಿಣ್ವದ ಕೈ ಕಟ್ಟಿಹಾಕುತ್ತವೆ. ಆಗ ಟೈರಮೈನ್ ನೇರ ರಕ್ತಕ್ಕೆ ಸೇರಿ, ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೊರಗೆ ಬರುವ ಹಾಗೆ ಮಾಡುತ್ತದೆ. ರಕ್ತನಾಳ ಬಿಗಿಯುತ್ತದೆ, ಬಿಪಿ ಒಮ್ಮೆಲೇ ಏರುತ್ತದೆ. ತಲೆಯ ಹಿಂಭಾಗದಲ್ಲಿ ಬಡಿದಂತೆ ನೋವು, ಎದೆ ಡವಡವ, ಬೆವರು, ವಾಂತಿ. ಜೋರಾದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ಇದರ ಚರಿತ್ರೆ ಕ್ಷಯರೋಗದಿಂದಲೇ ಶುರುವಾಗಿದ್ದು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಿಯಾಝಿಡ್ ಅನ್ನುವ ಹೊಸ ಔಷಧಿ ಕೊಟ್ಟಾಗ ಹಾಸಿಗೆ ಹಿಡಿದಿದ್ದವರು ವಿಚಿತ್ರ ಉತ್ಸಾಹದಿಂದ ಓಡಾಡಲು ಶುರು ಮಾಡಿದರು. ಅದು ಆ ಕಿಣ್ವವನ್ನು ತಡೆಯುವ ಔಷಧಿ. ಅಲ್ಲಿಂದ ಮುಂದೆ ಖಿನ್ನತೆಗೆ ಇದೇ ಜಾತಿಯ ಮಾತ್ರೆಗಳು ಬಂದವು. ಆಮೇಲೆ ಅವನ್ನು ನುಂಗುವ ಕೆಲವರಿಗೆ ಕಾರಣ ಗೊತ್ತಾಗದ ಭಯಂಕರ ತಲೆನೋವು, ಕೆಲವರ ಸಾವು. 1963ರಲ್ಲಿ ಲಂಡನ್‌ನ ಯುವ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ಈ ಬಗ್ಗೆ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಅದನ್ನು ಓದಿದ ನಾಟಿಂಗ್‌ಹ್ಯಾಮ್‌ನ ಫಾರ್ಮಸಿಸ್ಟ್ ಒಬ್ಬರು ಅವರಿಗೆ ಕಾಗದ ಹಾಕಿದರು: ನನ್ನ ಹೆಂಡತಿಗೂ ಹೀಗೇ ಆಗುತ್ತದೆ, ಚೀಸ್ ತಿಂದಾಗ ಆಗುತ್ತದೆ, ಹಾಲು ಬೆಣ್ಣೆ ತಿಂದರೆ ಏನೂ ಇಲ್ಲ, ಅಂತ. ಮೊದಲು ನಂಬದಿದ್ದವರೇ ಜಾಸ್ತಿ. ಬ್ಲ್ಯಾಕ್‌ವೆಲ್ ಬಿಡದೆ ಬೆನ್ನು ಹತ್ತಿದರು, ಅದು ನಿಜ ಅಂತ ಗೊತ್ತಾಯಿತು. ಮನೆಯಲ್ಲಿ ಊಟದ ತಟ್ಟೆಯನ್ನು ಗಮನಿಸಿದ ಒಬ್ಬ ಗಂಡ ಬರೆದ ಕಾಗದದಿಂದ ಎಷ್ಟು ಜೀವ ಉಳಿಯಿತೋ! ನನಗೆ ಈ ಪತ್ರ ಬರೆಯಲು ಧೈರ್ಯ ಬಂದದ್ದೂ ಅದರಿಂದಲೇ.

ಈಗ ನಮ್ಮೂರಿಗೆ ಬರೋಣ. ಔಷಧಿಗೆ ಬಗ್ಗದ ಕ್ಷಯಕ್ಕೆ ಈಗ ಕೊಡುವ ಮುಖ್ಯ ಮಾತ್ರೆಗಳಲ್ಲಿ ಲಿನೆಝೋಲಿಡ್ ಒಂದು. 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಆರು ತಿಂಗಳ ಹೊಸ ಚಿಕಿತ್ಸೆಯಲ್ಲೂ ಬೆಡಾಕ್ವಿಲಿನ್, ಪ್ರೆಟೊಮನಿಡ್, ಮಾಕ್ಸಿಫ್ಲಾಕ್ಸಸಿನ್ ಜೊತೆ ಇದೇ ಇದೆ. ಒಳ್ಳೆಯ ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ, ಮೊದಲು ಒಂದೂವರೆ ವರ್ಷ ನುಂಗಬೇಕಿತ್ತು. ಆದರೆ ಲಿನೆಝೋಲಿಡ್ ಆ ಕಿಣ್ವವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಒಂದು ಹೊತ್ತಿನ ಊಟದಲ್ಲಿ 100 ಮಿಲಿಗ್ರಾಂಗಿಂತ ಜಾಸ್ತಿ ಟೈರಮೈನ್ ಹೋಗಬಾರದು ಅಂತ ಔಷಧಿಯ ಮಾಹಿತಿ ಹಾಳೆಯಲ್ಲೇ ಇದೆ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ನಮ್ಮ ಮನೆಗೆ ಬಂದ ಮಾತ್ರೆಯ ಜೊತೆ ಆ ಹಾಳೆಯೂ ಇರಲಿಲ್ಲ.

ಮಾತ್ರೆ ನುಂಗುತ್ತಿದ್ದವನು ನನ್ನ ತಮ್ಮ. ಬೋಟಿನ ಕೆಲಸ. ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ವಾ, ಆಗ ಹಸಿ ಮೀನು ಕಡಿಮೆ, ರೇಟು ಕೈಗೆಟುಕುವುದಿಲ್ಲ. ಅದಕ್ಕೇ ಬೇಸಿಗೆಯಲ್ಲೇ ಒಣಮೀನು ಮಾಡಿ, ಕೊಂಡು ಡಬ್ಬಿಯಲ್ಲಿ ತುಂಬಿಡುತ್ತೇವೆ. ಮಳೆಗಾಲದಲ್ಲಿ ಕುಚ್ಚಲಕ್ಕಿ ಗಂಜಿ, ಜೊತೆಗೆ ಕೆಂಡದಲ್ಲಿ ಸುಟ್ಟ ಒಣ ಬಂಗುಡೆ, ತೆಂಗಿನಕಾಯಿ ಹಾಕಿ ಅರೆದ ಒಣ ಸಿಗಡಿ ಚಟ್ನಿ. ರೋಗದಿಂದ ಬಾಯಿರುಚಿ ಕೆಟ್ಟವನಿಗೆ ಅದೊಂದೇ ಸೇರುತ್ತಿದ್ದದ್ದು, ಅಮ್ಮ ಪ್ರೀತಿಯಿಂದ ಜಾಸ್ತಿಯೇ ಬಡಿಸಿದರು. ಉಂಡು ಗಂಟೆಯೊಳಗೆ ತಲೆ ಹಿಡಿದುಕೊಂಡು ಕೂತ. ಕುತ್ತಿಗೆಯಿಂದ ಮೇಲಕ್ಕೆ ಸಿಡಿಯುತ್ತಿದೆ ಅಂದ, ಅಂಗಿ ಎಲ್ಲ ಬೆವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಯಾವ ಮಾತ್ರೆ, ಊಟಕ್ಕೆ ಏನಿತ್ತು ಅಂತ. ಪುಣ್ಯಾತ್ಮರು. ಅವರಿಗೆ ಟೈರಮೈನ್ ಮೇಲೇ ಅನುಮಾನ ಬಂತು. ಅದಕ್ಕೂ ಮೊದಲು ಮಾತ್ರೆ ಕೊಟ್ಟವರು, ರಕ್ತ ಪರೀಕ್ಷೆ ಮಾಡಿದವರು, ತೂಕ ನೋಡಿದವರು ಯಾರೂ ಮೀನಿನ ಮಾತೇ ಎತ್ತಿರಲಿಲ್ಲ.

ಆಮೇಲೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಪಥ್ಯದ ಪಟ್ಟಿ ಅಂತ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಅದನ್ನು ನೋಡಿ ನನಗೆ ಸಿಟ್ಟೇ ಬಂತು. ಹಳೆಯ ಚೆಡ್ಡಾರ್ ಚೀಸ್, ಸಲಾಮಿ, ಹುಳಿ ಬರಿಸಿದ ಜರ್ಮನ್ ಎಲೆಕೋಸು, ಮಾರ್ಮೈಟ್, ಅವೊಕಾಡೊ! ನಮ್ಮ ಮನೆಯಲ್ಲಿ ಇವನ್ನು ಕಣ್ಣಿಂದ ಕಂಡವರಿಲ್ಲ. ಒಣಮೀನು ಇಲ್ಲ. ನಿನ್ನೆಯ ಮೀನು ಸಾರು ಇಲ್ಲ. ಸೋಯಾ ಸಾಸ್ ಹೆಸರೇನೋ ಇತ್ತು, ಆದರೆ ಗೋಬಿ ಮಂಚೂರಿಗೆ, ಫ್ರೈಡ್ ರೈಸಿಗೆ ಸುರಿಯುವುದು ಅದನ್ನೇ ಅಂತ ಯಾರು ಹೇಳಬೇಕು? ಇನ್ನೊಂದು ಕಡೆ ಮೊಸರು, ಪನೀರ್, ಬಾಳೆಹಣ್ಣು ಎಲ್ಲದಕ್ಕೂ ಅಡ್ಡಗೆರೆ. ಅಮ್ಮ ಹೆದರಿ ಮೀನು, ಮೊಸರು, ಬಾಳೆಹಣ್ಣು, ಇಡ್ಲಿ ಎಲ್ಲ ನಿಲ್ಲಿಸಿಬಿಟ್ಟರು. “ಮೀನಿಲ್ದೆ ಇವ ಉಂಬುದ್ ಹ್ಯಾಂಗೆ?” ಅಂತ ದಿನಾ ಕಣ್ಣೀರು. ತಮ್ಮನ ತೂಕ ಇಳಿಯತೊಡಗಿತು.

ಕ್ಷಯರೋಗಿಯ ತೂಕ ಇಳಿಯುವುದು ಅಂದರೆ ಸಣ್ಣ ಮಾತಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಝಾರ್ಖಂಡ್‌ನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ತೂಕ ಏರಿದರೆ ಸಾಯುವ ಸಂಭವ ಇಳಿಯುತ್ತದೆ, ಮನೆಯವರಿಗೂ ಪೌಷ್ಟಿಕ ಆಹಾರ ಕೊಟ್ಟರೆ ಅವರಿಗೆ ರೋಗ ತಗಲುವುದೇ ಕಡಿಮೆಯಾಗುತ್ತದೆ ಅಂತ ಅದರಲ್ಲಿ ಕಂಡುಬಂತು. ಸರ್ಕಾರವೂ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ಊಟದ ಖರ್ಚಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000. ಕೈಗೆ ಹಣ ಕೊಟ್ಟು ಚೆನ್ನಾಗಿ ತಿನ್ನು ಅನ್ನುವುದು, ಇನ್ನೊಂದು ಕೈಗೆ ಅರ್ಧ ಅಡುಗೆಮನೆಗೆ ಬೀಗ ಹಾಕುವ ಪಟ್ಟಿ ಕೊಡುವುದು, ಇದು ಸರಿಯಾ? ಬಿಡಬೇಕಾದ್ದು ಸ್ವಲ್ಪ. ಅದನ್ನಷ್ಟೇ ಗಟ್ಟಿಯಾಗಿ ಬಿಡಿಸಬೇಕು, ಉಳಿದಿದ್ದನ್ನು ಧೈರ್ಯವಾಗಿ ತಿನ್ನಿಸಬೇಕು.

ಕೊನೆಗೆ ಆ ಕ್ಲಿನಿಕ್ಕಿನ ಡಾಕ್ಟರೇ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಹೇಳಿದರು. ಹಸಿ ಮೀನು ತಿನ್ನಲಿ, ಆದರೆ ಐಸ್ ಹಾಕಿದ ಹೊಸ ಮೀನೇ ಆಗಬೇಕು, ಅದೇ ಹೊತ್ತಿಗೆ ಸಾರು ಮಾಡಿ ಅದೇ ಹೊತ್ತಿಗೆ ಉಣ್ಣಬೇಕು. ಮಾರನೇ ದಿನದ ಮೀನು ಸಾರು ನಮ್ಮ ಕಡೆ ಎಲ್ಲರಿಗೂ ಇಷ್ಟ, ಮಡಕೆಯಲ್ಲಿ ಕೂತು ಹುಳಿ ಖಾರ ಹಿಡಿದು ರುಚಿ ಬರುತ್ತದೆ. ಅವನಿಗೆ ಅದು ಬೇಡ. ಮತ್ತೆ ಚೆನ್ನಾಗಿ ಕುದಿಸಿದರೆ ಆಯ್ತಲ್ಲ ಅಂತ ಅಮ್ಮ ಕೇಳಿದರು. ಆಗುವುದಿಲ್ಲ, ಯಾಕಂದ್ರೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆಗಲೇ ಆಗಿಹೋದ ಟೈರಮೈನ್ ಹಾಗೇ ಉಳಿಯುತ್ತದೆ. ಈ ಒಂದು ಮಾತು ಎಲ್ಲರಿಗೂ ಗೊತ್ತಾಗಬೇಕು. ಫ್ರಿಜ್ಜಿನಲ್ಲಿಟ್ಟರೂ ಅದು ಆಗುವುದು ನಿಧಾನ ಆಗುತ್ತದೆ ಅಷ್ಟೇ, ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಂತೂ ಫ್ರಿಜ್ಜನ್ನು ನಂಬಿ ಕೂರುವ ಹಾಗೇ ಇಲ್ಲ. ರಾತ್ರಿ ಹೆಪ್ಪು ಹಾಕಿದ ಮೊಸರು, ಅಂದೇ ಮಾಡಿದ ಪನೀರ್, ಹೊಸ ಹಿಟ್ಟಿನ ಇಡ್ಲಿ ಬಿಡಬೇಕಿಲ್ಲ, ನಾಲ್ಕು ದಿನದ ಹುಳಿ ಹಿಟ್ಟು ಬೇಡ. ಬಾಳೆಹಣ್ಣು ತಿನ್ನಬಹುದು, ಟೈರಮೈನ್ ಜಾಸ್ತಿ ಇರುವುದು ಸಿಪ್ಪೆಯಲ್ಲಿ. ಬಾಳೆಕಾಯಿ ಸಿಪ್ಪೆಯ ಚಟ್ನಿ, ಪಲ್ಯ ಮಾಡುವವರು ನಾವು, ಅದನ್ನು ಕೆಲವು ತಿಂಗಳು ಬಿಟ್ಟರಾಯಿತು. ಮೊಟ್ಟೆ, ಹಾಲು, ಬೇಳೆ, ಆಗಷ್ಟೇ ತಂದು ಮಾಡಿದ ಕೋಳಿ, ಯಾವುದಕ್ಕೂ ತಡೆ ಇಲ್ಲ. ಅಮ್ಮನ ಮುಖ ಅರಳಿದ್ದನ್ನು ನೋಡಬೇಕಿತ್ತು.

ಊಟದಷ್ಟೇ ಮುಖ್ಯವಾದ ಇನ್ನೊಂದು ವಿಷಯ ಔಷಧಿ ಅಂಗಡಿಯದು. ಕ್ಷಯ ಅಂದ ಮೇಲೆ ಕೆಮ್ಮು ಇದ್ದೇ ಇರುತ್ತದೆ. ಸುಮ್ನೆ ಹೋಗಿ ಕೆಮ್ಮಿನ ಸಿರಪ್ಪು, ಶೀತದ ಮಾತ್ರೆ ತರುತ್ತೇವೆ. ಶೀತದ ಮಾತ್ರೆಗಳಲ್ಲಿ ಫಿನೈಲೆಫ್ರಿನ್, ಸ್ಯೂಡೋಎಫಿಡ್ರಿನ್ ಥರದವು ಇರುತ್ತವೆ, ಲಿನೆಝೋಲಿಡ್ ಜೊತೆ ಸೇರಿದರೆ ಇವೂ ಬಿಪಿ ಏರಿಸುತ್ತವೆ. ಹಲವು ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫನ್ ಜೊತೆಗೆ ಬೇರೆ ಥರದ ಅಪಾಯ ಇದೆ, ಖಿನ್ನತೆಯ ಹಲವು ಮಾತ್ರೆಗಳ ಜೊತೆಗೂ ಅದೇ. ಅಂಗಡಿಯವರಿಗೆ ಯಾವ ಮಾತ್ರೆ ನಡೆಯುತ್ತಿದೆ ಅಂತ ಹೇಳದೆ ಏನನ್ನೂ ತರಬೇಡಿ. ರೋಗದ ಹೆಸರು ಹೇಳಲು ನಾಚಿಕೆ ಆಗುತ್ತದೆ, ಗೊತ್ತು, ನಮ್ಮಲ್ಲಿ ಈಗಲೂ ಹಾಗೇ ಇದೆ. ರೋಗದ ಹೆಸರು ಬೇಡ, ಮಾತ್ರೆಯ ಚೀಟಿ ತೋರಿಸಿ.

ಮಾಮೂಲಿ ಕ್ಷಯಕ್ಕೆ ಕೊಡುವ ಐಸೋನಿಯಾಝಿಡ್ ಬಗ್ಗೆಯೂ ಒಂದು ಮಾತು. ಅದು ಆ ಹಳೆಯ ಐಪ್ರೋನಿಯಾಝಿಡ್‌ನ ಹತ್ತಿರದ ಸಂಬಂಧಿ. ಅದನ್ನು ನುಂಗುವ ಕೆಲವರಿಗೆ ಕೆಟ್ಟ ಬಂಗುಡೆ, ಕೇದರದಂಥ ಮೀನು ತಿಂದಾಗ ಮುಖ ಕೆಂಪಾಗಿ, ಮೈ ತುರಿಸಿ, ಎದೆ ಬಡಿದುಕೊಳ್ಳುತ್ತದೆ. ಅಲ್ಲಿ ಟೈರಮೈನ್‌ಗಿಂತ ಹಿಸ್ಟಮೈನ್ ಅನ್ನುವ ಇನ್ನೊಂದರ ಕೈವಾಡ ಜಾಸ್ತಿ. ಮದ್ದು ಅದೇ, ಹೊಸ ಮೀನು.

ಇದನ್ನೆಲ್ಲ ಓದಿ ಎಲ್ಲರೂ ಪಥ್ಯಕ್ಕೆ ಕೂರಬೇಡಿ. ಖಿನ್ನತೆಗೆ ಈ ಕಿಣ್ವವನ್ನು ಪೂರ್ತಿ ತಡೆಯುವ ಹಳೆಯ ಮಾತ್ರೆ ತೆಗೆದುಕೊಳ್ಳುವವರಿಗೆ 10–25 ಮಿಲಿಗ್ರಾಂ ಟೈರಮೈನ್ ಕೂಡ ಅಪಾಯ, ಅವರ ಪಥ್ಯ ಬಹಳ ಬಿಗಿ, ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಪಾಲಿಸಬೇಕು. ಪಾರ್ಕಿನ್ಸನ್‌ಗೆ ರಾಸಜಿಲಿನ್ ನುಂಗುವ ಹಿರಿಯರಿಗೆ ಮಾಮೂಲಿ ಪ್ರಮಾಣದಲ್ಲಿ ಅಷ್ಟೆಲ್ಲ ಬೇಕಿಲ್ಲ, ಟೈರಮೈನ್ ತೀರಾ ಹೆಚ್ಚಿರುವುದನ್ನು ಬಿಟ್ಟರೆ ಸಾಕು, ಆದರೂ ಇದೇ ಜೆರಾಕ್ಸ್ ಹಾಳೆ ಹಿಡಿದು ಊಟ ಬಿಡುವವರು ಇದ್ದಾರೆ. ಮೈಗ್ರೇನ್ ಇರುವವರಲ್ಲಿ ಕೆಲವರಿಗೆ ಮಾತ್ರ ಇಂಥ ಪದಾರ್ಥ ಆಗಿಬರುವುದಿಲ್ಲ. ತಿಂದದ್ದು, ತಲೆನೋವು ಬಂದದ್ದು ಬರೆದಿಟ್ಟು ನೋಡಿ ಗೊತ್ತು ಮಾಡಿಕೊಳ್ಳಬೇಕೇ ಹೊರತು ಕಂಡಿದ್ದೆಲ್ಲ ಬಿಡುವುದಲ್ಲ. ಮುಖ್ಯವಾಗಿ, ಹೆದರಿ ಯಾರೂ ಮಾತ್ರೆ ನಿಲ್ಲಿಸಬೇಡಿ. ಕ್ಷಯದ ಮಾತ್ರೆ ಅರ್ಧಕ್ಕೆ ಬಿಟ್ಟರೆ ಅದು ಒಣಮೀನಿಗಿಂತ ಎಷ್ಟೋ ಪಾಲು ದೊಡ್ಡ ಅಪಾಯ.

ಆರೋಗ್ಯ ಇಲಾಖೆಯಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಲಿನೆಝೋಲಿಡ್ ಕೊಡುವ ದಿನ ಒಂದು ಕನ್ನಡದ ಹಾಳೆ ಕೊಡಿ. ಓದಲು ಬಾರದವರಿಗೆ ಚಿತ್ರ ಹಾಕಿ. ಕರಾವಳಿಗೆ ಒಣಮೀನು, ಹಳೇ ಸಾರು. ಪೇಟೆಯವರಿಗೆ ಸೋಯಾ ಸಾಸ್, ಚೀಸ್, ಡ್ರಾಫ್ಟ್ ಬಿಯರ್. ಹೀಗೆ ಆಯಾ ಊರಿನ ಊಟಕ್ಕೆ ತಕ್ಕ ಹಾಗೆ ಇರಲಿ. ಬಿಡಬೇಕಾದ್ದರ ಪಕ್ಕದಲ್ಲೇ ತಿನ್ನಬಹುದಾದ್ದನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಶಾ ಕಾರ್ಯಕರ್ತೆಯರಿಗೆ ಒಂದು ಗಂಟೆ ಕೂರಿಸಿ ಹೇಳಿದರೆ ಅವರು ಮನೆಮನೆಗೆ ಮುಟ್ಟಿಸುತ್ತಾರೆ, ಮತ್ತು ಅಡುಗೆ ಮಾಡುವವರಿಗೇ ಹೇಳಲಿ, ರೋಗಿಗೆ ಮಾತ್ರ ಹೇಳಿದರೆ ಸಾಲದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಒಬ್ಬ ವೈದ್ಯರಿಂದ, ಒಬ್ಬ ಆಹಾರ ತಜ್ಞರಿಂದ ಅಂಥದೊಂದು ಪಟ್ಟಿ ಬರೆಸಿ, ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸುವ ಹಾಗೆ ಆರೋಗ್ಯ ಪುಟದಲ್ಲಿ ಹಾಕಿ. ಮೇ ತಿಂಗಳಲ್ಲಿ, ಒಣಮೀನು ಡಬ್ಬಿಗೆ ತುಂಬುವ ಮೊದಲೇ ಹಾಕಿದರೆ ಒಳ್ಳೆಯದು.

ಇಂತಿ,
ಕುಂದಾಪುರ ತಾಲೂಕಿನ ಒಬ್ಬಳು ಓದುಗಳು